ಮಧ್ಯರಾತ್ರಿ ಕಡಿದ ಸಂಪರ್ಕ: ಹಂಚಿಕೊಂಡ ರೇಡಿಯೊ ಜಾಲದಲ್ಲಿ ದೋಷ ಹುಡುಕುವ ಬಗೆ

ಮೂಡಿಗೆರೆಯ ಒಂದು ತೋಟದ ಮನೆ, ಸಕಲೇಶಪುರದ ಹತ್ತಿರದ ಒಂದು ಗುಡ್ಡ, ಮುಳ್ಳಯ್ಯನಗಿರಿ ದಾರಿಯ ಕೈಮರ. ಈ ಮೂರು ಕಡೆ ರೇಡಿಯೊ ಠಾಣೆ ಇಟ್ಟು ನಾವು ಎರಡು ರಾತ್ರಿ ಅಭ್ಯಾಸ ಮಾಡಿದೆವು. ಮೂವರೂ ಪಡೆಗಳಿಂದ ನಿವೃತ್ತರಾದವರು. ಮೂಡಿಗೆರೆಯಲ್ಲಿ ಭೂಸೇನೆಯ ಸಿಗ್ನಲ್ಸ್‌ನಲ್ಲಿದ್ದ ನಾನು. ಸಕಲೇಶಪುರದಲ್ಲಿ ನೌಕಾಪಡೆಯಲ್ಲಿದ್ದ ಅಣ್ಣ. ಕೈಮರದಲ್ಲಿ ವಾಯುಪಡೆಯಲ್ಲಿದ್ದ ಹಿರಿಯರು. ಊರಿಗೆ ಬಂದ ಮೇಲೆ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಹೇಳಿಕೊಡುತ್ತಾರೆ, ಹಾಗಾಗಿ ಎಲ್ಲರಿಗೂ ಅವರು ಮೇಷ್ಟ್ರು. ಮೂವರಿಗೂ ಹ್ಯಾಮ್ ಲೈಸೆನ್ಸ್, ಅಂದರೆ ಹವ್ಯಾಸಿ ರೇಡಿಯೊ ಪರವಾನಗಿ, ಇದೆ.

ಈ ಅಭ್ಯಾಸ ಯಾಕೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. 2018ರ ಆಗಸ್ಟ್‌ನಲ್ಲಿ ಶಿರಾಡಿ ಘಾಟಿ ಕುಸಿಯಿತು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಕುಸಿಯಿತು. ಗುಡ್ಡ ಜಾರಿದರೆ ಮೊದಲು ಕರೆಂಟ್ ಹೋಗುತ್ತದೆ, ಆಮೇಲೆ ಮೊಬೈಲ್ ಟವರ್ ಹೋಗುತ್ತದೆ. ಆಗ ಬೇರೆ ಬೇರೆ ಕಡೆಯಿಂದ ಬಂದ ತಂಡಗಳು ಒಂದೇ ಜಾಲದಲ್ಲಿ ಮಾತಾಡಬೇಕು. ಮೂರು ಪಡೆಗಳು ಒಂದು ರೇಡಿಯೊ ಜಾಲವನ್ನು ಹಂಚಿಕೊಳ್ಳುವಾಗ ಬರುವ ಕಷ್ಟವೂ ಇದೇ. ಹಾಗಾಗಿ ಪಡೆಯ ಶಿಸ್ತನ್ನೇ ಇಲ್ಲಿ ಪ್ರಯತ್ನಿಸೋಣ ಅಂದುಕೊಂಡೆವು.

ಹ್ಯಾಮ್‌ಗಳು ಗುಪ್ತ ಸಂಕೇತ ಬಳಸುವಂತಿಲ್ಲ. ಪಡೆಯಲ್ಲಿ ದಿನಕ್ಕೊಂದು ಕೀಲಿ ಬದಲಾಗುತ್ತದಲ್ಲ, ಅದರ ಬದಲು ನಾವು ದಿನಕ್ಕೊಂದು ಚಾನೆಲ್ ಇಟ್ಟೆವು. 144ರಿಂದ 146 ಮೆಗಾಹರ್ಟ್ಸ್ ಒಳಗೆ ಮೂರು ಚಾನೆಲ್. ಶನಿವಾರ ಹಸಿರು, ಭಾನುವಾರ ಕೆಂಪು, ಸೋಮವಾರ ನೀಲಿ. ಯೋಜನೆಯ ಹಾಳೆಯಲ್ಲಿ ನಾನೇ ಒಂದು ಸಾಲು ಬರೆದಿದ್ದೆ: ‘ದಿನ ಬದಲಾದ ಕೂಡಲೇ ಚಾನೆಲ್ ಬದಲಾಯಿಸಿ.’ ಇನ್ನೊಂದು ನಿಯಮವೂ ಇತ್ತು. ಅಭ್ಯಾಸ ಮುಗಿಯುವ ತನಕ ಯಾರೂ ಫೋನ್ ಮುಟ್ಟಬಾರದು.

ನಡೆದದ್ದು

ಶನಿವಾರ ಮಧ್ಯಾಹ್ನ ಮೂರಕ್ಕೆ ಶುರು. ಮಳೆ ಹಿಡಿದಿತ್ತು, ಆದರೂ ಮೂರೂ ಠಾಣೆ ಚೆನ್ನಾಗಿ ಕೇಳಿಸುತ್ತಿತ್ತು. ಚಾನೆಲ್ ಬದಲಾಯಿಸುವ ಮುಂಚೆ, ರಾತ್ರಿ 11.58ಕ್ಕೆ, ಮೇಷ್ಟ್ರು ಹಾಜರಿ ಹಾಕಿದರು. ಹನ್ನೆರಡಕ್ಕೆ ನಾನು ಕೆಂಪು ಚಾನೆಲ್‌ಗೆ ಹೋದೆ. ಸಕಲೇಶಪುರ ಬಂತು. ಕೈಮರ ಬರಲಿಲ್ಲ.

ಮಳೆ ಜೋರಾಗಿತ್ತು, ಗುಡ್ಡದ ಮೇಲೆ ಮಂಜು ಕವಿದಿತ್ತು. ಅದೇ ಕಾರಣ ಅಂತ ನನಗೆ ಅನ್ನಿಸಿತು. ಆ ಕಡೆ ಮೇಷ್ಟ್ರಿಗೂ ಹಾಗೇ ಅನ್ನಿಸಿದೆ. ರಾತ್ರಿ ಎರಡು ಗಂಟೆಗೆ ಅವರ ಜೊತೆಗಿದ್ದ ಇಬ್ಬರು ಹುಡುಗರು ಟಾರ್ಚ್ ಹಿಡಿದು ಆಂಟೆನಾ ಕಂಬದ ಹತ್ತಿರ ಹೋದರು. ಕನೆಕ್ಟರ್ ಬಿಚ್ಚಿ ಒರೆಸಿ ಟೇಪ್ ಸುತ್ತಿದರು. ಒಬ್ಬ ಜಾರಿ ಬಿದ್ದು ಮೊಣಕಾಲು ಕಿತ್ತುಕೊಂಡ. ಆದರೂ ಸಂಪರ್ಕ ಬರಲಿಲ್ಲ.

ಬೆಳಿಗ್ಗೆ 5.31ಕ್ಕೆ ‘ಮೂಡಿಗೆರೆ, ಇದು ಕೈಮರ, ಕೇಳಿಸ್ತಿದೆಯಾ?’ ಅಂತ ಗಂಟೆ ಹೊಡೆದ ಹಾಗೆ ಸ್ಪಷ್ಟವಾದ ದನಿ ಬಂತು. ಬೆಳಕು ಹರಿಯುತ್ತಿತ್ತು, ಮಂಜು ಏಳುತ್ತಿತ್ತು. ಕನೆಕ್ಟರ್‌ನಲ್ಲಿ ನೀರು ಸೇರಿತ್ತು, ಒಣಗಿತು, ಸರಿಯಾಯಿತು ಅಂತ ನಾನು ಲಾಗ್ ಪುಸ್ತಕದಲ್ಲಿ ಬರೆದೆ.

ಆ ಸಾಲು ತಪ್ಪು. ದೋಷ ತಾನಾಗಿ ಹೋದಾಗ ಕೈಗೆ ಸಿಕ್ಕ ಕಾರಣ ಬರೆದುಬಿಡುವುದು ದೋಷಕ್ಕಿಂತ ಜಾಸ್ತಿ ಅಪಾಯ. ಮುಂದೆ ಹುಡುಕುವವನು ಅದನ್ನೇ ನಂಬುತ್ತಾನೆ. ಭಾನುವಾರ ರಾತ್ರಿ ಹನ್ನೆರಡಕ್ಕೆ ಕೈಮರ ಮತ್ತೆ ಹೋಯಿತು. ಮತ್ತೆ ಐದೂವರೆಗೆ ಬಂತು. ಆ ರಾತ್ರಿ ಮಳೆಯೇ ಇರಲಿಲ್ಲ.

ಸೋಮವಾರ ಮೂವರೂ ಮೂಡಿಗೆರೆಯಲ್ಲಿ ಕೂತು ಮೂರು ಲಾಗ್ ಪುಸ್ತಕ ಪಕ್ಕಪಕ್ಕ ಇಟ್ಟೆವು. ನನ್ನ ಪುಸ್ತಕದಲ್ಲಿ ಕೈಮರ ಕೊನೆಗೆ ಕೇಳಿದ್ದು 23.58ಕ್ಕೆ, ಮತ್ತೆ ಕೇಳಿದ್ದು 05.31ಕ್ಕೆ. ಮೇಷ್ಟ್ರ ಪುಸ್ತಕದಲ್ಲಿ ಅದೇ ಎರಡು ಹೊತ್ತು 18.28 ಮತ್ತು 00.01. ಮೇಷ್ಟ್ರೇ ಮೊದಲು ಹೇಳಿದರು: ‘ನಿಮ್ಮ ದಿನ ಬೇರೆ, ನನ್ನ ದಿನ ಬೇರೆ.’

ವಿಮಾನದ ಲೋಕದಲ್ಲಿ ಎಲ್ಲವೂ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯದಲ್ಲಿ ನಡೆಯುತ್ತದೆ. ಹ್ಯಾಮ್‌ಗಳೂ ಸಾಮಾನ್ಯವಾಗಿ ಲಾಗ್ ಬರೆಯುವುದು ಯುಟಿಸಿಯಲ್ಲೇ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಮೇಷ್ಟ್ರಿಗೆ ದಿನ ಬದಲಾದದ್ದು ನಮ್ಮ ಬೆಳಿಗ್ಗೆ 5.30ಕ್ಕೆ. ಅಲ್ಲಿಯ ತನಕ ಅವರು ಹಳೆಯ ಚಾನೆಲ್‌ನಲ್ಲೇ ಇಡೀ ರಾತ್ರಿ ನಮ್ಮನ್ನು ಕರೆಯುತ್ತಿದ್ದರು.

ನೌಕಾಪಡೆಯ ಅಣ್ಣನಿಗೂ ಯುಟಿಸಿ ಅಭ್ಯಾಸವೇ. ಮತ್ತೆ ಅವರು ಹೇಗೆ ಸರಿಯಾಗಿ ಹನ್ನೆರಡಕ್ಕೆ ಬಂದರು? ಶುಕ್ರವಾರವೇ ನನಗೆ ಫೋನ್ ಮಾಡಿ ‘ಯಾವ ಸಮಯ?’ ಅಂತ ಕೇಳಿದ್ದರು. ನಮ್ಮ ಸಮಯ ಅಂತ ನಾನು ಹೇಳಿದ್ದೆ. ಅವರಿಗೆ ಹೇಳಿದೆ, ಹಾಳೆಯಲ್ಲಿ ತಿದ್ದಲಿಲ್ಲ. ದೋಷ ಹುಟ್ಟಿದ್ದು ಆ ಫೋನ್ ಕರೆಯಲ್ಲಿ. ಮೂರು ಸೆಟ್ಟೂ ಸರಿಯಿದ್ದವು, ಮೂವರೂ ತಮ್ಮ ತಮ್ಮ ಪದ್ಧತಿಯಲ್ಲಿ ಸರಿಯಾಗಿಯೇ ನಡೆದಿದ್ದರು. ಯೋಜನೆ ಮಾತ್ರ ಒಬ್ಬನ ಕಿವಿಯಲ್ಲಿ ಒಂದು, ಇನ್ನೊಬ್ಬನ ಹಾಳೆಯಲ್ಲಿ ಇನ್ನೊಂದು ಆಗಿತ್ತು.

ಇದರಿಂದ ನಾವು ಹುಡುಕುವ ಕ್ರಮವನ್ನೇ ಬದಲಾಯಿಸಿದೆವು. ಮೊದಲು ಯೋಜನೆ, ಆಮೇಲೆ ಸೆಟ್, ಕೊನೆಗೆ ಕಂಬ. ಮಳೆಯಲ್ಲಿ ಹುಡುಗರನ್ನು ಕಂಬದ ಹತ್ತಿರ ಕಳಿಸುವುದು ಬೇರೆಲ್ಲ ನೋಡಿಯಾದ ಮೇಲೆ.

ಮೊದಲು ಬಾಣ ಬರೆಯಿರಿ

ಒಂದು ಹಾಳೆಯಲ್ಲಿ ಮೂರು ಸುತ್ತು ಹಾಕಿ. ಯಾರು ಯಾರನ್ನು ಕೇಳುತ್ತಿದ್ದಾರೆ ಅಂತ ಬಾಣ ಬರೆಯಿರಿ. ಮೂರು ಠಾಣೆಗೆ ಆರು ಬಾಣ. ‘ಕೇಳಿಸ್ತಿಲ್ಲ’ ಅಂತ ಸುಮ್ನೆ ಹೇಳಿದರೆ ಏನೂ ತಿಳಿಯುವುದಿಲ್ಲ. ಯಾವ ಬಾಣ ಕಡಿದಿದೆ ಅನ್ನುವುದು ತಿಳಿದರೆ ಅರ್ಧ ಕೆಲಸ ಆದಂತೆ.

ಒಂದು ಠಾಣೆಗೆ ಹೋಗುವ, ಬರುವ ಬಾಣ ಎಲ್ಲವೂ ಒಟ್ಟಿಗೆ ಹೋದರೆ ದೋಷ ಆ ಠಾಣೆಯಲ್ಲಿದೆ, ಇಲ್ಲ ಆ ಠಾಣೆಯ ಬಳಿ ಇರುವ ಯೋಜನೆಯಲ್ಲಿದೆ. ಎರಡು ಠಾಣೆ ಪರಸ್ಪರ ಕೇಳುತ್ತಿಲ್ಲ, ಆದರೆ ಮೂರನೆಯದು ಇಬ್ಬರನ್ನೂ ಕೇಳುತ್ತಿದೆ ಅಂದರೆ ಸಾಮಾನ್ಯವಾಗಿ ನಡುವೆ ಗುಡ್ಡ ಇದೆ. ನಮ್ಮ ಕಡೆ ಇದು ಬಹಳ. ಇಲ್ಲಿ ಸೆಟ್ ಬಿಚ್ಚುವುದು ದಂಡ. ಜಾಗ ಬದಲಾಯಿಸಿ, ಇಲ್ಲ ಮೂರನೆಯವರ ಕೈಲಿ ಸಂದೇಶ ದಾಟಿಸಿ.

ಒಂದೇ ಬಾಣ ಕಡಿದಿದ್ದರೆ, ಅಂದರೆ ನಾನು ನಿಮ್ಮನ್ನು ಕೇಳುತ್ತೇನೆ, ನೀವು ನನ್ನನ್ನು ಕೇಳುವುದಿಲ್ಲ ಅಂದರೆ, ಗುಡ್ಡವನ್ನು ದೂರಬೇಡಿ. ಒಂದೇ ಫ್ರೀಕ್ವೆನ್ಸಿಯಲ್ಲಿ ಮಾತಾಡುವಾಗ ಗುಡ್ಡ ಒಂದೇ ಕಡೆಗೆ ಅಡ್ಡ ಬರುವುದಿಲ್ಲ. ನನ್ನ ಸೆಟ್ಟಿನ ಪವರ್ ನೋಡಿ, ಟೋನ್ (ಎದುರಿನ ಸೆಟ್ಟಿನ ಬಾಗಿಲು ತೆರೆಯಲು ಮಾತಿನ ಜೊತೆ ಕಳಿಸುವ ಸಣ್ಣ ಸ್ವರ) ನೋಡಿ. ನಿಮ್ಮ ಕಡೆ ಗದ್ದಲ ಇದೆಯಾ ಅಂತಲೂ ನೋಡಿ. ತೋಟದ ಮನೆಗಳಲ್ಲಿ ಸೋಲಾರ್ ಇನ್ವರ್ಟರ್, ಅಗ್ಗದ ಎಲ್‌ಇಡಿ ಬಲ್ಬ್ ಎರಡೂ ರೇಡಿಯೊ ಗದ್ದಲ ಮಾಡುತ್ತವೆ. ಒಮ್ಮೆ ಎಲ್ಲ ಆರಿಸಿ, ಸೆಟ್ಟನ್ನು ಬ್ಯಾಟರಿಯಲ್ಲಿ ಮಾತ್ರ ಓಡಿಸಿ ಕೇಳಿ.

ಮಳೆ, ಮಂಜಿನ ಬಗ್ಗೆ ಒಂದು ಮಾತು. ನಮ್ಮ ಚಾನೆಲ್‌ಗಳ ಎರಡು ಮೀಟರ್ ಉದ್ದದ ಅಲೆಗೆ ಮಂಜು ಲೆಕ್ಕಕ್ಕೇ ಇಲ್ಲ. ಮಳೆ ಹನಿ ಅಲೆಯನ್ನು ನುಂಗುವುದು ಹೆಚ್ಚುಕಡಿಮೆ 10 ಗಿಗಾಹರ್ಟ್ಸ್ ಮೇಲೆ, ಡಿಶ್ ಟಿವಿ ಬಳಸುವ ಫ್ರೀಕ್ವೆನ್ಸಿಯ ಹತ್ತಿರ. ನಮ್ಮ ಸೆಟ್‌ಗಳಿಗೆ ಮಳೆಯಿಂದ ತೊಂದರೆ ಬರುವುದು ಕನೆಕ್ಟರ್ ಒಳಗೆ ನೀರು ಹೋದರೆ ಮಾತ್ರ. ಆಗಲೂ ಸಂಪರ್ಕ ಮೆಲ್ಲಗೆ ಕ್ಷೀಣಿಸುತ್ತದೆ. ಗಡಿಯಾರ ನೋಡಿಕೊಂಡು ಹನ್ನೆರಡಕ್ಕೆ ಸರಿಯಾಗಿ ಹೋಗುವುದಿಲ್ಲ. ಇದನ್ನು ನಾನು ಮೊದಲ ರಾತ್ರಿಯೇ ಯೋಚಿಸಬೇಕಿತ್ತು.

ದೀಪ ನೋಡಿ, ಕಿವಿ ಕೊಡಿ

ಎದುರಿನವರು ಒತ್ತಿ ಮಾತಾಡುವಾಗ ನಿಮ್ಮ ಸೆಟ್ಟಿನ ದೀಪ ಹತ್ತುತ್ತದಾ? ಹತ್ತಿದರೆ ಅಲೆ ಬಂದಿದೆ, ಬಾಗಿಲು ಮುಚ್ಚಿದೆ. ಮಾನಿಟರ್ ಗುಂಡಿ ಒತ್ತಿ ಸ್ಕ್ವೆಲ್ಚ್ (ಬೇಡದ ಸದ್ದನ್ನು ತಡೆಯುವ ಆ ಬಾಗಿಲು) ತೆರೆಯಿರಿ. ಮಾತು ಕೇಳಿಸಿದರೆ ಟೋನ್ ಬೇರೆ ಇದೆ. ಒಬ್ಬರು 88.5 ಹರ್ಟ್ಸ್, ಇನ್ನೊಬ್ಬರು 91.5 ಇಟ್ಟಿರುತ್ತಾರೆ. ಪಟ್ಟಿಯಲ್ಲಿ ಅವೆರಡೂ ಅಕ್ಕಪಕ್ಕ, ಕೈ ತಪ್ಪುವುದು ಸುಲಭ. ಮಾತಿನ ಬದಲು ಗರಗರ ಸದ್ದು ಬಂದರೆ ಎದುರಿನದು ಡಿಜಿಟಲ್, ನಿಮ್ಮದು ಅನಲಾಗ್. ಇಬ್ಬರದೂ ಡಿಎಂಆರ್ ಅನ್ನುವ ಬಗೆಯ ಡಿಜಿಟಲ್ ಆಗಿದ್ದು ದೀಪ ಹತ್ತಿಯೂ ಮಾತು ಬರದಿದ್ದರೆ ಕಲರ್ ಕೋಡ್, ಟಾಕ್ ಗ್ರೂಪ್, ಟೈಮ್ ಸ್ಲಾಟ್ ಈ ಮೂರು ಸೆಟ್ಟಿಂಗ್‌ಗಳನ್ನು ಜೋರಾಗಿ ಓದಿ ಹೋಲಿಸಿ.

ದನಿ ಬರುತ್ತದೆ, ಆದರೆ ಜೋರಾಗಿ ಮಾತಾಡಿದಾಗ ಒಡೆಯುತ್ತದೆ. ಆಗ ಎದುರಿನವರು ಅಗಲದ ಚಾನೆಲ್‌ನಲ್ಲಿದ್ದಾರೆ, ನೀವು ಕಿರಿದಾದುದರಲ್ಲಿದ್ದೀರಿ. 25 ಕಿಲೋಹರ್ಟ್ಸ್ ಮತ್ತು 12.5 ಕಿಲೋಹರ್ಟ್ಸ್ ಜಗಳ ಇದು. ಉಲ್ಟಾ ಆದರೆ ದನಿ ಒಡೆಯುವುದಿಲ್ಲ, ದೂರದಿಂದ ಮಾತಾಡಿದ ಹಾಗೆ ಸಣ್ಣಗೆ ಕೇಳುತ್ತದೆ. ಜನ ಸಿಗ್ನಲ್ ಕಡಿಮೆ ಅಂದುಕೊಂಡು ಆಂಟೆನಾ ತಿರುಗಿಸುತ್ತಾ ಕೂರುತ್ತಾರೆ.

ದೀಪವೇ ಹತ್ತದಿದ್ದರೆ ಚಾನೆಲ್, ಸಮಯ, ಆಂಟೆನಾ, ದಾರಿ. ಈ ಕ್ರಮದಲ್ಲೇ ನೋಡಿ.

ಒಂದೊಂದೇ ಕಳಚಿ

ಪಡೆಯ ಸೆಟ್‌ಗಳಲ್ಲಿ ಪದರ ಜಾಸ್ತಿ. ಮೇಲೆ ಗುಪ್ತ ಕೀಲಿ, ಅದರ ಕೆಳಗೆ ಹಾಪಿಂಗ್ (ಚಾನೆಲ್‌ನಿಂದ ಚಾನೆಲ್‌ಗೆ ಜಿಗಿಯುವುದು), ಅದರ ಕೆಳಗೆ ಸಾದಾ ಚಾನೆಲ್. ದೋಷ ಯಾವ ಪದರದಲ್ಲಿದೆ ಅಂತ ತಿಳಿಯಲು ಮೊದಲು ಎಲ್ಲ ಕಳಚಿ ಸಾದಾ ಚಾನೆಲ್‌ಗೆ ಬನ್ನಿ. ಅಲ್ಲಿ ಕೇಳಿಸಿದರೆ ಆಂಟೆನಾ, ಬ್ಯಾಟರಿ, ಗುಡ್ಡ ಎಲ್ಲಕ್ಕೂ ಒಟ್ಟಿಗೆ ಕ್ಲೀನ್ ಚಿಟ್ ಸಿಕ್ಕಿತು. ಆಮೇಲೆ ಹಾಪಿಂಗ್ ಹಾಕಿ. ಅಲ್ಲಿ ಹೋದರೆ ಸಮಯ ತಪ್ಪಿದೆ, ಇಲ್ಲ ಹಾಪಿಂಗ್ ಪಟ್ಟಿ ಬೇರೆ ಇದೆ. ಹಾಪಿಂಗ್ ಸರಿಯಿದ್ದು ಕೀಲಿ ಹಾಕಿದಾಗ ಹೋದರೆ ಕೀಲಿಯೇ ಬೇರೆ. ಒಮ್ಮೆಗೆ ಒಂದೇ ಪದರ. ಎರಡು ಒಟ್ಟಿಗೆ ಬದಲಾಯಿಸಿದರೆ ಸರಿಯಾದರೂ ಯಾವುದರಿಂದ ಆಯಿತು ಅಂತ ಗೊತ್ತಾಗುವುದಿಲ್ಲ.

ಇನ್ನೊಂದು ವಿಷಯ. ಕೆಲವು ಸೆಟ್‌ಗಳು ಪರಸ್ಪರ ಕೇಳಿಸದಿರುವುದು ದೋಷವೇ ಅಲ್ಲ. ಅಮೆರಿಕದ ಭೂಸೇನೆಯ ಸಿಂಕ್‌ಗಾರ್ಸ್ ರೇಡಿಯೊ 30ರಿಂದ 88 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ಅವರ ವಿಮಾನಗಳ ಹ್ಯಾವ್ ಕ್ವಿಕ್ ಪದ್ಧತಿ ಇರುವುದು 225ರಿಂದ 400 ಮೆಗಾಹರ್ಟ್ಸ್‌ನಲ್ಲಿ. ಎರಡರಲ್ಲೂ ಹಾಪಿಂಗ್ ಇದೆ, ಎರಡಕ್ಕೂ ದಿನದ ಸಮಯ ಬೇಕು. ಆದರೂ ಒಂದು ಇನ್ನೊಂದನ್ನು ನೇರವಾಗಿ ಕೇಳಲಾರದು. ನಡುವೆ ಎರಡೂ ಬಲ್ಲ ಒಂದು ಸೆಟ್ ಇರಬೇಕು. ಹಾಗಾಗಿ ದೋಷ ಹುಡುಕುವ ಮುಂಚೆ ಕೇಳಿ: ಇವೆರಡೂ ಹಿಂದೆ ಯಾವಾಗಲಾದರೂ ಮಾತಾಡಿದ್ದವಾ?

ಗಡಿಯಾರ

ಹಾಪಿಂಗ್ ಅಂದರೆ ಮಾತಾಡುತ್ತಿರುವಾಗಲೇ ಎಲ್ಲ ಸೆಟ್‌ಗಳೂ ಒಟ್ಟಿಗೆ ಚಾನೆಲ್‌ನಿಂದ ಚಾನೆಲ್‌ಗೆ ಜಿಗಿಯುವುದು. ಸಿಂಕ್‌ಗಾರ್ಸ್‌ನಲ್ಲಿ 2,320 ಚಾನೆಲ್ ಇವೆ. ಸೆಕೆಂಡಿಗೆ ನೂರಕ್ಕಿಂತ ಜಾಸ್ತಿ ಸಲ ಜಿಗಿಯುತ್ತದೆ. ಕೋಲಾಟದ ಹಾಗೆ. ಒಬ್ಬ ತಾಳ ತಪ್ಪಿದರೆ ಅವನ ಕೋಲು ಗಾಳಿಯಲ್ಲಿ. ಜಾಲದ ಸಮಯಕ್ಕೂ ಸೆಟ್ಟಿನ ಸಮಯಕ್ಕೂ 4 ಸೆಕೆಂಡಿಗಿಂತ ಹೆಚ್ಚು ಅಂತರ ಇದ್ದರೆ ಆ ಸೆಟ್ ಜಾಲದಿಂದ ಹೊರಗೆ. 60 ಸೆಕೆಂಡಿನ ಒಳಗಿದ್ದರೆ ತಡವಾಗಿ ಸೇರಿಕೊಳ್ಳುವ ವ್ಯವಸ್ಥೆ ಇದೆ. ಅದಕ್ಕಿಂತ ಜಾಸ್ತಿಯಾದರೆ ಸಮಯವನ್ನೇ ಹೊಸದಾಗಿ ತುಂಬಬೇಕು. ಪಡೆಗಳ ನಡುವೆ ಮಾಹಿತಿ ಹಂಚುವ ಲಿಂಕ್ 16 ಜಾಲ ಇನ್ನೂ ಬಿಗಿ. ಅಲ್ಲಿ ಒಂದು ಸೆಕೆಂಡನ್ನು 128 ತುಂಡು ಮಾಡಿ ಹಂಚುತ್ತಾರೆ. ಜಾಲದಲ್ಲಿ ಒಬ್ಬರ ಗಡಿಯಾರವೇ ಎಲ್ಲರಿಗೂ ಪ್ರಮಾಣ.

ಹಾಗಾಗಿ ಸಮಯದ ದೋಷ ಹುಡುಕುವಾಗ ಅಂತರ ಎಷ್ಟು ಅಂತ ಮೊದಲು ಅಳೆಯಿರಿ. ಅಂತರವೇ ಕಾರಣ ಹೇಳುತ್ತದೆ. ಸರಿಯಾಗಿ ಐದೂವರೆ ಗಂಟೆ ಇದ್ದರೆ ಒಬ್ಬರು ಯುಟಿಸಿ, ಒಬ್ಬರು ನಮ್ಮ ಸಮಯ. ಒಂದು ಪೂರ್ತಿ ದಿನ ಇದ್ದರೆ ತಾರೀಖು ತಪ್ಪು ತುಂಬಿದೆ. ಕೆಲವೇ ಸೆಕೆಂಡಿದ್ದು ದಿನಾ ಬೆಳೆಯುತ್ತಿದ್ದರೆ ಸೆಟ್ಟಿನ ಒಳಗಿನ ಗಡಿಯಾರ ಜಾರುತ್ತಿದೆ, ಒಳಗಿನ ಸಣ್ಣ ಬ್ಯಾಟರಿ ನೋಡಿ.

ಸರಿಯಾಗಿ 18 ಸೆಕೆಂಡ್ ಇದ್ದರೆ? ಇದು ನನಗೆ ತುಂಬ ಇಷ್ಟವಾದ ದೋಷ, ಮೇಷ್ಟ್ರು ಹೇಳಿಕೊಟ್ಟದ್ದು. ಜಿಪಿಎಸ್ ಉಪಗ್ರಹಗಳ ಗಡಿಯಾರ ಲೀಪ್ ಸೆಕೆಂಡ್ (ಭೂಮಿ ತಿರುಗುವುದಕ್ಕೆ ಹೊಂದಿಸಲು ಯುಟಿಸಿಗೆ ಆಗಾಗ ಸೇರಿಸುವ ಒಂದು ಸೆಕೆಂಡ್) ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 2017ರ ಜನವರಿಯಿಂದ ಅದು ಯುಟಿಸಿಗಿಂತ 18 ಸೆಕೆಂಡ್ ಮುಂದಿದೆ. ಎಷ್ಟು ಕಳೆಯಬೇಕು ಅನ್ನುವ ಮಾಹಿತಿಯನ್ನು ಉಪಗ್ರಹವೇ ಕಳಿಸುತ್ತದೆ. ಆದರೆ ಪೂರ್ತಿ ಸಂದೇಶ ಒಂದು ಸುತ್ತು ಬರಲು ಹನ್ನೆರಡೂವರೆ ನಿಮಿಷ ಬೇಕು. ಬಹಳ ದಿನ ಆಫ್ ಆಗಿದ್ದ ರಿಸೀವರ್ ಆನ್ ಮಾಡಿ ಎರಡೇ ನಿಮಿಷಕ್ಕೆ ಸಮಯ ತೆಗೆದುಕೊಂಡರೆ ತಪ್ಪು ಸಮಯ ಸಿಗಬಹುದು. ಸಾದಾ ಚಾನೆಲ್‌ನಲ್ಲಿ ಇದು ತಿಳಿಯುವುದೇ ಇಲ್ಲ. ಹಾಪಿಂಗ್ ಹಾಕಿದ ಕೂಡಲೇ ಸೆಟ್ ಮೂಕವಾಗುತ್ತದೆ. ಆನ್ ಮಾಡಿ ಕಾಲು ಗಂಟೆ ಬಿಟ್ಟು ಸಮಯ ತೆಗೆದುಕೊಳ್ಳಿ.

ಯೋಜನೆಯ ಪ್ರತಿ

ಪಡೆಗಳು ಈ ಪಾಠವನ್ನು ದುಬಾರಿ ಬೆಲೆ ಕೊಟ್ಟು ಕಲಿತಿವೆ. 1983ರ ಅಕ್ಟೋಬರ್‌ನಲ್ಲಿ ಗ್ರೆನಡಾ ದ್ವೀಪಕ್ಕೆ ಇಳಿದ ಅಮೆರಿಕದ ಭೂಸೇನೆಯ ತುಕಡಿಗಳಿಗೆ ಕಡಲಲ್ಲಿದ್ದ ತಮ್ಮದೇ ಹಡಗುಗಳ ಜೊತೆ ನೇರವಾಗಿ ಮಾತಾಡುವುದು ಕಷ್ಟವಾಯಿತು. ಆಮೇಲೆ, 1997ರಲ್ಲಿ, ಎಲ್ಲ ಪಡೆಗಳಿಗೂ ಹೊಂದುವ ಸಾಫ್ಟ್‌ವೇರ್ ರೇಡಿಯೊ ಮಾಡಲು ಅವರು ಜೆಟಿಆರ್‌ಎಸ್ ಯೋಜನೆ ಶುರು ಮಾಡಿದರು. ಅದರಲ್ಲಿ ವಾಹನಗಳಿಗೆ ಮಾಡುತ್ತಿದ್ದ ದೊಡ್ಡ ಸೆಟ್ 2011ರಲ್ಲಿ ನಿಂತೇ ಹೋಯಿತು. ಆದರೆ ಆ ದಾರಿಯಲ್ಲಿ ಒಂದು ಒಳ್ಳೆಯ ವಸ್ತು ಬಂತು. ಜಾಲವನ್ನು ಲ್ಯಾಪ್‌ಟಾಪ್‌ನಲ್ಲಿ ಯೋಜಿಸಿ, ಅಲ್ಲಿಂದಲೇ ಸೆಟ್‌ಗಳಿಗೆ ತುಂಬಿ, ಆಮೇಲೆ ಅದೇ ಪರದೆಯಲ್ಲಿ ಜಾಲವನ್ನು ಗಮನಿಸುವ ಒಂದು ಹಂಚಿಕೆಯ ಸಾಫ್ಟ್‌ವೇರ್. ಜಾಯಿಂಟ್ ಎಂಟರ್‌ಪ್ರೈಸ್ ನೆಟ್‌ವರ್ಕ್ ಮ್ಯಾನೇಜರ್ ಅಂತ ಅದರ ಹೆಸರು. ನಮ್ಮಲ್ಲೂ ಮೂರು ಪಡೆಗಳಿಗೆ ಸೇರಿದ ರಕ್ಷಣಾ ಸಂವಹನ ಜಾಲ 2016ರ ಜೂನ್ 30ರಂದು ಶುರುವಾಯಿತು.

ಸೆಟ್ ಒಂದೇ ಆದರೆ ಸಾಲದು, ಸೆಟ್ಟಿಗೆ ತುಂಬುವ ಯೋಜನೆ ಒಂದೇ ಕಡೆಯಿಂದ ಬರಬೇಕು. ಯೋಜಿಸುವುದು, ತುಂಬುವುದು, ಗಮನಿಸುವುದು ಮೂರೂ ಬೇರೆ ಬೇರೆಯವರ ಕೈಯಲ್ಲಿದ್ದರೆ ಒಬ್ಬರ ತಿದ್ದುಪಡಿ ಇನ್ನೊಬ್ಬರಿಗೆ ಮುಟ್ಟುವುದಿಲ್ಲ. ಶುಕ್ರವಾರದ ನನ್ನ ಫೋನ್ ಕರೆ ಅದೇ ಅಲ್ವಾ?

ಈಗ ನಮ್ಮ ಹಾಳೆಯ ಮೇಲ್ತುದಿಯಲ್ಲಿ ಪ್ರತಿಯ ಸಂಖ್ಯೆ ಇರುತ್ತದೆ. ಹಾಜರಿ ಹಾಕುವಾಗ ಹೆಸರಿನ ಜೊತೆ ಆ ಸಂಖ್ಯೆಯನ್ನೂ ಹೇಳಬೇಕು: ‘ಕೈಮರ, ಪ್ರತಿ ನಾಲ್ಕು.’ ಬೇರೆ ಸಂಖ್ಯೆ ಕೇಳಿಬಂದರೆ ಅಲ್ಲೇ ನಿಲ್ಲಿಸಿ ಸರಿಮಾಡುತ್ತೇವೆ. ತಿದ್ದುವ ಹಕ್ಕು ಒಬ್ಬರಿಗೆ ಮಾತ್ರ. ಯಾರಾದರೂ ಅವರನ್ನು ಏನಾದರೂ ಕೇಳಿದರೆ ಉತ್ತರ ಬಾಯಲ್ಲಿ ಹೇಳುವಂತಿಲ್ಲ. ಹಾಳೆ ತಿದ್ದಿ, ಸಂಖ್ಯೆ ಏರಿಸಿ, ಮೂವರಿಗೂ ಕಳಿಸಬೇಕು. ‘ದಿನ ಬದಲಾದ ಕೂಡಲೇ’ ಅನ್ನುವ ಸಾಲು ಈಗ ಹೀಗಿದೆ: ‘ಭಾರತೀಯ ಸಮಯ ರಾತ್ರಿ 00.00, ಯುಟಿಸಿ 18.30, ಭಾನುವಾರದ ಚಾನೆಲ್ ಕೆಂಪು.’ ಕೆಳಗೆ ಇನ್ನೊಂದು ಸಾಲು: ‘ಹತ್ತು ನಿಮಿಷ ಯಾರಾದರೂ ಒಬ್ಬರು ಸಿಗದಿದ್ದರೆ ಹಿಂದಿನ ಚಾನೆಲ್‌ಗೆ ಹೋಗಿ ಕರೆಯಿರಿ.’ ಈ ಸಾಲು ಆ ರಾತ್ರಿ ಇದ್ದಿದ್ದರೆ 12.10ಕ್ಕೇ ಮೇಷ್ಟ್ರು ಸಿಗುತ್ತಿದ್ದರು. ಹುಡುಗ ಬೀಳುತ್ತಿರಲಿಲ್ಲ.

ಕೊನೆಗೆ ಕೇಬಲ್, ಬ್ಯಾಟರಿ

ಇಷ್ಟೆಲ್ಲ ಸರಿಯಿದ್ದೂ ದೀಪ ಹತ್ತದಿದ್ದರೆ ಮಾತ್ರ ಕಂಬದ ಕಡೆ ಹೋಗಿ. ಸರಿಯಿದೆ ಅಂತ ಗೊತ್ತಿರುವ ಇನ್ನೊಂದು ಸೆಟ್ಟನ್ನು ಅದೇ ಕೇಬಲ್‌ಗೆ ಹಾಕಿ ನೋಡುವುದು ಎಲ್ಲಕ್ಕಿಂತ ಬೇಗ. ಆಂಟೆನಾದಿಂದ ಪವರ್ ಎಷ್ಟು ವಾಪಸ್ ಬರುತ್ತಿದೆ ಅಂತ ತಿಳಿಸುವ ಎಸ್‌ಡಬ್ಲ್ಯುಆರ್ ಮೀಟರ್ 1.5ರ ಒಳಗಿದ್ದರೆ ಆಂಟೆನಾ ಬಗ್ಗೆ ಚಿಂತೆ ಬೇಡ. 3 ತೋರಿಸಿದರೆ ಕಳಿಸಿದ ಪವರ್‌ನಲ್ಲಿ ಕಾಲು ಭಾಗ ವಾಪಸ್ ಬರುತ್ತಿದೆ. ಆದರೆ ಉದ್ದ ಕೇಬಲ್ ಇದ್ದರೆ ಮೀಟರ್ ನಂಬಬೇಡಿ. 30 ಮೀಟರ್ ತೆಳು ಆರ್‌ಜಿ 58 ಕೇಬಲ್ ಈ ಫ್ರೀಕ್ವೆನ್ಸಿಯಲ್ಲಿ ಸುಮಾರು ಮುಕ್ಕಾಲು ಭಾಗ ಪವರನ್ನು ತಾನೇ ತಿನ್ನುತ್ತದೆ. ವಾಪಸ್ ಬರುವುದನ್ನೂ ತಿಂದು ಮೀಟರನ್ನು ಚೆನ್ನಾಗಿ ತೋರಿಸುತ್ತದೆ. ಮೀಟರನ್ನು ಆಂಟೆನಾ ತುದಿಯಲ್ಲಿಟ್ಟು ಅಳೆಯಿರಿ. ಬ್ಯಾಟರಿ ವೋಲ್ಟೇಜನ್ನು ಗುಂಡಿ ಒತ್ತಿ ಮಾತಾಡುವಾಗ ನೋಡಿ, ಸುಮ್ಮನಿದ್ದಾಗ ಅಲ್ಲ.

ಮೂರನೆಯ ಅಭ್ಯಾಸದಲ್ಲಿ ರಾತ್ರಿ ಹನ್ನೆರಡಕ್ಕೆ ಮೂವರೂ ಒಟ್ಟಿಗೆ ಚಾನೆಲ್ ಬದಲಾಯಿಸಿದೆವು. ಕೈಮರ ಬಂತು. ಸಕಲೇಶಪುರವೂ ಬಂತು, ಆದರೆ ಅಣ್ಣನ ದನಿ ಸಣ್ಣಗಿತ್ತು. ನನಗೂ ಸಣ್ಣಗೆ, ಮೇಷ್ಟ್ರಿಗೂ ಸಣ್ಣಗೆ. ನಮ್ಮಿಬ್ಬರ ದನಿಯೂ ಅಣ್ಣನಿಗೆ ಒಡೆದು ಕೇಳುತ್ತಿತ್ತು. ಬಾಣ ಬರೆದೆವು, ಹಾಳೆಯ ಏಳನೇ ಸಾಲು ಓದಿದೆವು: ‘ಚಾನೆಲ್ ಅಗಲ 25.’ ಅಣ್ಣನ ಸೆಟ್ಟಿನ ಕೆಂಪು ಚಾನೆಲ್‌ನಲ್ಲಿ 12.5 ಇತ್ತು. ಲಾಗ್ ಪುಸ್ತಕದಲ್ಲಿ ಬರೆದದ್ದು ಇಷ್ಟು: ‘00.02 ದೋಷ. 00.06 ಸರಿ. ಕಾರಣ: ಅಗಲ. ಕಂಬದ ಹತ್ತಿರ ಯಾರೂ ಹೋಗಿಲ್ಲ.’